ಇಳಿತದ ಹೊತ್ತು ಕೇಳಿದ ಹೆಸರು

ದೆವ್ವ, ಗಾಳಿ, ಮೈಮೇಲೆ ಬರುವುದು, ಕನಸಿನಲ್ಲಿ ಹಿರಿಯರು ಬಂದು ಹೇಳಿಹೋಗುವುದು, ಇವೆಲ್ಲ ನನಗೆ ಮೊದಲಿನಿಂದಲೂ ನಗೆಪಾಟಲಿನ ವಿಷಯ. ಗುಳೇದಗುಡ್ಡದ ನಮ್ಮ ಓಣಿಯಲ್ಲಿ ಇಂಥ ಕತೆಗಳಿಗೇನೂ ಬರವಿರಲಿಲ್ಲ. ಮಗ್ಗದ ಸದ್ದು ನಿಂತ ಮೇಲೆ ಹೆಂಗಸರು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ ಕತೆ ಕೇಳಿ ಉಳಿದ ಹುಡುಗಿಯರು ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡರೆ, ನಾನು ‘ನೀವು ಕಣ್ಣಾರೆ ನೋಡೀರೇನು?’ ಎಂದು ಕೇಳಿ ಬೈಸಿಕೊಳ್ಳುತ್ತಿದ್ದೆ. ಮುಂದೆ ಓದಿದ್ದು ಎಂಜಿನಿಯರಿಂಗ್, ಸೇರಿದ್ದು ಅಮೆರಿಕದ ಪಶ್ಚಿಮ ಕರಾವಳಿಯ ಎವರೆಟ್‌ನ ವಿಮಾನ ಕಾರ್ಖಾನೆ. ರೆಕ್ಕೆಯ ಭಾಗಗಳಲ್ಲಿ ಕೂದಲೆಳೆಯಷ್ಟು ಬಿರುಕಾದರೂ ಇದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಕಣ್ಣಿಗೆ ಕಂಡದ್ದನ್ನೂ ನಂಬದೆ ಯಂತ್ರವಿಟ್ಟು ಮತ್ತೊಮ್ಮೆ ನೋಡುವ ಈ ಉದ್ಯೋಗ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿದೆ. ಆದ್ದರಿಂದ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಇಷ್ಟು ಹೊತ್ತಿಗೆ ಹಾಳೆ ಮಗುಚುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಗಂಡ ಅಲ್ಲೇ ಹತ್ತಿರದ ಓವರ್‌ಲೇಕ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಅವರ ಆಫೀಸಿನ ಕ್ಯಾಂಟೀನಿನಲ್ಲಿ ಕಣ್ಣು ಮುಚ್ಚಿ ಕೂತರೆ ಜಯನಗರದಲ್ಲಿ ಕೂತಂತೆಯೇ ಅನ್ನಿಸುತ್ತದೆ. ನನ್ನ ಕಾರ್ಖಾನೆಯಲ್ಲಿ ಹಾಗಿಲ್ಲ. ಅಲ್ಲಿ ನನಗೆ ಹತ್ತಿರದವಳಾಗಿದ್ದವಳು ಪಕ್ಕದ ಮೇಜಿನ ಲೊರೆಟಾ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಮಾತು ಕಡಿಮೆ, ಚಾಷ್ಟಿ ಜಾಸ್ತಿ. ಅವಳು ಈ ನೆಲದ ಮೂಲನಿವಾಸಿಗಳಾದ ಸಾಲಿಶ್ ಜನರವಳು. ಇಲ್ಲಿನ ಅರ್ಧಕ್ಕರ್ಧ ನದಿಗಳ, ಊರುಗಳ ಹೆಸರು ಅವರ ಮಾತಿನವು. ಅದನ್ನು ತಿಳಿಯದೆ ನಾನು ಅಷ್ಟು ವರ್ಷ ಅವುಗಳನ್ನು ಯಾವುದೋ ವಿಚಿತ್ರ ಇಂಗ್ಲಿಷ್ ಎಂದುಕೊಂಡೇ ಉಚ್ಚರಿಸಿಕೊಂಡು ಓಡಾಡಿದ್ದೆ. ಬಾಡಿಗೆಗೆ ಬಂದವರು ಮನೆಯೊಡೆಯನ ಹೆಸರನ್ನೂ ಕೇಳದೆ ಇದ್ದುಬಿಡುವ ಹಾಗೆ.

ಲೊರೆಟಾ ತನ್ನ ಅಜ್ಜಿಯ ಜೊತೆ ಇದ್ದಳು. ಎವರೆಟ್‌ನಿಂದ ಉತ್ತರಕ್ಕೆ ಹೋದರೆ ಅವರ ಜನರಿಗೆಂದು ಸರ್ಕಾರ ಬಿಟ್ಟ ಮೀಸಲು ಪ್ರದೇಶ. ಅಲ್ಲಿ ಕೊಲ್ಲಿಗೆ ಮುಖ ಮಾಡಿದ ಒಂದು ಚಿಕ್ಕ ಮನೆ. ಅಜ್ಜಿಗೆ ತೊಂಬತ್ತು ದಾಟಿತ್ತು. ಹೆಸರು ಎಡಿತ್. ಮೊದಲ ಸಲ ಹೋದಾಗ ಲೊರೆಟಾ ನನ್ನನ್ನು ‘ಇವಳು ಇಂಡಿಯಾದ ಇಂಡಿಯನ್’ ಎಂದು ಪರಿಚಯಿಸಿದಳು. ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆ ಬಿಳಿಯ ಜನ ಹುಡುಕಿಕೊಂಡು ಹೊರಟದ್ದು ನಿಮ್ಮನ್ನು, ದಾರಿ ತಪ್ಪಿ ನಮ್ಮ ಮನೆಗೆ ನುಗ್ಗಿದರು, ನಿಮ್ಮ ಪಾಲಿನ ಪೆಟ್ಟನ್ನೂ ನಾವೇ ತಿಂದೆವು ಎಂದು ನಕ್ಕಳು. ಆಮೇಲೆ ದಾರಿ ಕೇಳಿಕೊಂಡು ನಮ್ಮಲ್ಲಿಗೂ ಬಂದರು ಅಜ್ಜಿ ಎಂದು ನಾನು ಹೇಳಿದೆ. ಅಷ್ಟರಿಂದಲೇ ನಮಗೆ ಸ್ನೇಹವಾಯಿತು.

ನಾನು ಹೋದಾಗಲೆಲ್ಲ ಏನಾದರೂ ಮಾಡಿಕೊಂಡು ಹೋಗುತ್ತಿದ್ದೆ. ಅಜ್ಜಿಗೆ ಹಲ್ಲು ಇರಲಿಲ್ಲ, ಆದ್ದರಿಂದ ಮಾದಲಿಗೆ ಹಾಲು ಕಲಸಿ ಕೊಟ್ಟರೆ ಬಹಳ ಇಷ್ಟ. ‘ಸಿಹಿ ಮರಳು’ ಎಂದು ಅದಕ್ಕೆ ಹೆಸರಿಟ್ಟಿದ್ದಳು. ಒಮ್ಮೆ ಗುಳೇದಗುಡ್ಡದ ಖಣವೊಂದನ್ನು ಕೊಟ್ಟೆ. ಅದನ್ನು ಹೊಲಿಸುವುದು ಹೇಗೆಂದು ತಿಳಿಯದೆ ದಿಂಬಿನ ಮೇಲೆ ಹಾಸಿಕೊಂಡು ಮಲಗತೊಡಗಿದಳು. ಅವಳು ಆಡುತ್ತಿದ್ದುದು ಇಂಗ್ಲಿಷೇ. ಆದರೂ ಆ ಎಳೆದು ಮಾತಾಡುವ ರೀತಿ, ನಡುನಡುವೆ ಗದರುವ ರೀತಿ ನನ್ನ ಕಿವಿಗೆ ನಮ್ಮ ಓಣಿಯ ಮುದುಕಿಯರ ಮಾತಿನ ಹಾಗೆಯೇ ಕೇಳುತ್ತಿತ್ತು. ಬರೆಯಲು ಕೂತರೆ ಈಗಲೂ ಅದು ನಮ್ಮ ಕಡೆಯ ಕನ್ನಡದಲ್ಲೇ ಬರುತ್ತದೆ. ಅದನ್ನು ತಿದ್ದಲು ನನಗೆ ಮನಸ್ಸಿಲ್ಲ.

ಎಡಿತ್ ಎಂಬುದು ಅವಳ ಹೆತ್ತವರು ಇಟ್ಟ ಹೆಸರಲ್ಲ. ಚಿಕ್ಕವಳಿದ್ದಾಗ ಸರ್ಕಾರದ ಜನ ಬಂದು ಅವಳನ್ನು ದೂರದ ಒಂದು ವಸತಿ ಶಾಲೆಗೆ ಕರೆದುಕೊಂಡು ಹೋದರಂತೆ. ಕರೆದುಕೊಂಡು ಹೋದರು ಎನ್ನುವುದು ನನ್ನ ಮಾತು. ಅಜ್ಜಿ ಹೇಳುತ್ತಿದ್ದುದು ಹೊತ್ತುಕೊಂಡು ಹೋದರು ಎಂದು. ಆ ಕಾಲದಲ್ಲಿ ಹಾಗೆ ಒಯ್ದ ಮಕ್ಕಳಿಗೆ ಲೆಕ್ಕವಿಲ್ಲ. ಹೋದ ದಿನವೇ ಜಡೆ ಕತ್ತರಿಸಿದರು. ತಮ್ಮ ಮಾತು ಆಡಿದರೆ ಬಾಯಿಗೆ ಸಾಬೂನು ತುರುಕುತ್ತಿದ್ದರು. ಹಳೆಯ ಹೆಸರು ಹೇಳಿದರೂ ಅದೇ ಶಿಕ್ಷೆ. ಅವಳು ಜಾಣೆ, ಬೇಗ ಮರೆತಳು. ಎಷ್ಟು ಚೆನ್ನಾಗಿ ಮರೆತಳೆಂದರೆ, ಬೆಳೆದು ಹೊರಬಂದ ಮೇಲೆ ನೆನಪಿಸಿಕೊಳ್ಳಬೇಕೆಂದರೂ ಬರಲಿಲ್ಲ. ಅಷ್ಟರಲ್ಲಿ ತಾಯಿ ತಂದೆ ತೀರಿಕೊಂಡಿದ್ದರು. ಕರೆದವರೇ ಇಲ್ಲದ ಮೇಲೆ ಹೆಸರನ್ನು ಕೇಳುವುದು ಯಾರನ್ನು?

ನಮ್ಮಲ್ಲಿ ಹೆಸರು ಎಂದರೆ ಅಷ್ಟೇನೂ ದೊಡ್ಡ ಮಾತಲ್ಲ. ನಮ್ಮ ಓಣಿಯಲ್ಲಿ ನಾಲ್ಕು ಮಂದಿ ಶಂಕ್ರವ್ವಂದಿರಿದ್ದರು. ಅಜ್ಜಿಯ ಜನರಲ್ಲಿ ಹೆಸರು ಎನ್ನುವುದು ಮನೆತನದ ಆಸ್ತಿಯ ಹಾಗೆ, ಹಿರಿಯರಿಂದ ಇಳಿದು ಬರುವಂಥದ್ದು. ಸತ್ತ ಮೇಲೆ ಆ ಹೆಸರಿನಿಂದಲೇ ತಮ್ಮವರು ಬಂದು ಕರೆದುಕೊಳ್ಳುತ್ತಾರೆ ಎಂದು ಅಜ್ಜಿ ನಂಬಿದ್ದಳು. ಆ ವರ್ಷ ಬೇಸಿಗೆಯ ಹೊತ್ತಿಗೆ ಅವಳ ಹೃದಯ ಸೋತಿತ್ತು. ಡಾಕ್ಟರು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದಿದ್ದರು. ಸಾವಿಗೆ ಅವಳು ಹೆದರಲಿಲ್ಲ. ಅವಳಿಗಿದ್ದ ಹೆದರಿಕೆ ಬೇರೆ. ಒಂದು ದಿನ ನನ್ನ ಕೈ ಹಿಡಿದುಕೊಂಡು ಹೇಳಿದಳು:

“ನಾ ಸತ್ತಮ್ಯಾಲ ನಮ್ಮವ್ರು ದಂಡಿಗೆ ಬಂದು ನಿಂತು ಕರೀತಾರ. ಎಡಿತ್ ಅಂತ ಅವ್ರು ಕರ್ಯಾಂಗಿಲ್ಲ. ಕರದದ್ದು ನನ್ನ ಅಂತ ನನಗ ಹ್ಯಾಂಗ ತಿಳೀಬೇಕು?”

ಇದೆಲ್ಲ ಮನಸ್ಸಿನ ಭ್ರಮೆ ಎಂದು ಬೇರೆಯವರಿಗಾದರೆ ಹೇಳುತ್ತಿದ್ದೆ. ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಸೆರಗು ಇದ್ದಿದ್ದರೆ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದೆ; ಜಾಕೆಟ್ಟಿನ ತೋಳಿನಲ್ಲಿ ಒರೆಸಿಕೊಂಡೆ.

ಆಗಸ್ಟ್ ತಿಂಗಳಲ್ಲಿ ಅಜ್ಜಿ ಒಂದು ಆಸೆ ಹೇಳಿದಳು. ತಾನು ಹುಟ್ಟಿದ ಮನೆಯಿದ್ದ ದಂಡೆಯನ್ನು ಇನ್ನೊಂದು ಸಲ ನೋಡಬೇಕು, ಅದೂ ನೀರು ಪೂರ್ತಿ ಇಳಿದಿರುವಾಗ. ಇಲ್ಲಿ ಬೇಸಿಗೆಯಲ್ಲಿ ದೊಡ್ಡ ಇಳಿತ ಬರುವುದು ಹಗಲಿನಲ್ಲಿ. ಆಗ ನೀರು ಬಹಳ ದೂರ ಹಿಂದೆ ಸರಿದು ಕೆಸರು, ಚಿಪ್ಪು, ಹಸಿರು ಪಾಚಿಯ ಬಯಲು ಬಿದ್ದುಕೊಳ್ಳುತ್ತದೆ. ಹಿಂದೆ ಅವರ ಹೆಂಗಸರು ಬುಟ್ಟಿ ಹಿಡಿದು ಆ ಬಯಲಿಗಿಳಿದು ಕಪ್ಪೆಚಿಪ್ಪು ಅಗೆಯುತ್ತಿದ್ದರಂತೆ. ಲೊರೆಟಾ ರಜೆ ಹಾಕಿದಳು, ಸಹಾಯಕ್ಕೆ ನನ್ನನ್ನೂ ಕರೆದಳು. ಕಪ್ಪೆಚಿಪ್ಪು ತಿನ್ನದವಳು ಬಂದರೆ ನಮಗೆ ಇನ್ನೂ ಒಳ್ಳೆಯದು, ಪಾಲು ಕೇಳುವುದಿಲ್ಲ ಎಂದು ಚಾಷ್ಟಿ ಮಾಡಿದಳು.

ಅವತ್ತು ಬೆಳಿಗ್ಗೆ ಮಂಜು ಬಿದ್ದಿತ್ತು. ಕೊಲ್ಲಿಯ ಮೇಲೆ ಆಗಸ್ಟಿನ ಬೆಳಗುಗಳಲ್ಲಿ ಹಾಗೆ ಬೀಳುವುದುಂಟು, ಮಧ್ಯಾಹ್ನದ ಹೊತ್ತಿಗೆ ಕರಗುತ್ತದೆ. ಕಾರನ್ನು ದಿಬ್ಬದ ಮೇಲೆ ನಿಲ್ಲಿಸಿ, ಅಜ್ಜಿಯನ್ನು ಇಬ್ಬರೂ ಕೈಗಳ ಮೇಲೆ ಕೂರಿಸಿಕೊಂಡು ಇಳಿದೆವು. ಒಣಗಿದ ಹೂವಿನ ಹಾಗೆ ಹಗುರವಾಗಿದ್ದಳು. ಸಮುದ್ರ ತಂದು ಒಗೆದಿದ್ದ ದೊಡ್ಡ ದಿಮ್ಮಿಯ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿ ಅವಳನ್ನು ಕೂರಿಸಿದೆವು. ಇಲ್ಲೇ ಮನೆಯಿತ್ತು, ಸೀಡರ್ ಹಲಗೆಯ ಮನೆ ಎಂದು ತೋರಿಸಿದಳು. ಅಲ್ಲಿ ಈಗ ಮುಳ್ಳಿನ ಪೊದೆ ಬಿಟ್ಟರೆ ಏನೂ ಇರಲಿಲ್ಲ. ಗಾಳಿಗೆ ಕುಂಯ್ಗುಡುತ್ತದೆಂದು ಕಿವಿಯ ಮಷೀನನ್ನು ತೆಗೆದು ಲೊರೆಟಾಳ ಕೈಗೆ ಕೊಟ್ಟಳು. ಅದಿಲ್ಲದಿದ್ದರೆ ಅವಳಿಗೆ ಏನೂ ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಚಳಿ ಎಂದಳು. ಕಂಬಳಿ, ಬಿಸಿ ಚಹಾ ಕಾರಿನಲ್ಲೇ ಉಳಿದಿದ್ದವು. ಲೊರೆಟಾ ತರಲು ಹೋದಳು.

ನಾನೂ ಅಜ್ಜಿಯೂ ಕೂತೆವು. ಮಂಜಿನಲ್ಲಿ ಕೆಸರಿನ ಬಯಲು ಸ್ವಲ್ಪ ದೂರದವರೆಗೆ ಕಾಣುತ್ತಿತ್ತು, ಆಚೆಗೆಲ್ಲ ಬಿಳಿ. ಅಜ್ಜಿ ಅದನ್ನೇ ನೋಡುತ್ತಿದ್ದಳು. ಆಗ ನೀರಿನ ಕಡೆಯಿಂದ ಒಬ್ಬ ಹೆಂಗಸು ಕೂಗಿದ್ದು ಕೇಳಿತು.

ಅದು ಒಂದೇ ಮಾತು. ಮೊದಲು ಕೆಳಗಿನಿಂದ ಶುರುವಾಗಿ ಕೊನೆಗೆ ಮೇಲಕ್ಕೆ ಎಳೆದು, ಗಂಟಲಿನಲ್ಲಿ ತಟ್ಟನೆ ಕಡಿದುಕೊಂಡ ಮಾತು. ಯಾವ ಭಾಷೆಯೆಂದು ತಿಳಿಯಲಿಲ್ಲ. ಆದರೆ ಕೂಗಿದ ರೀತಿ ಮಾತ್ರ ತಿಳಿಯದೆ ಇರುವಂಥದ್ದಲ್ಲ. ಹೊತ್ತಾಯಿತು, ಆಟ ಸಾಕು, ಮನೆಗೆ ಬಾ ಎಂದು ನಮ್ಮವ್ವ ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದುದು ಹೀಗೆಯೇ. ಅದರಲ್ಲಿ ಸಿಟ್ಟಿರಲಿಲ್ಲ, ಗಾಬರಿಯೂ ಇರಲಿಲ್ಲ. ಯಾರೋ ಚಿಪ್ಪು ಅಗೆಯಲು ಬಂದವರು ಮಗುವನ್ನೋ ನಾಯಿಯನ್ನೋ ಕರೆಯುತ್ತಿದ್ದಾರೆ ಎಂದುಕೊಂಡೆ. ಬೇರೆ ಯಾರಾದರೂ ಆಗಿದ್ದರೆ ‘ಯಾರು ಬೇಕು?’ ಎಂದು ತಿರುಗಿ ಕೂಗುತ್ತಿದ್ದರೇನೋ. ನಾನು ಕೂಗಲಿಲ್ಲ. ನಮ್ಮ ಕಡೆ ಹೊರಗಿನಿಂದ ಯಾರಾದರೂ ಕರೆದರೆ ಮೂರನೆಯ ಸಲದವರೆಗೆ ಓ ಎನ್ನಬಾರದು ಎಂದು ಹೇಳಿಯೇ ಮಕ್ಕಳನ್ನು ಬೆಳೆಸುತ್ತಾರೆ. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ, ಇನ್ನೊಂದಾದರೆ ಒಂದೆರಡು ಸಲಕ್ಕೇ ನಿಲ್ಲಿಸುತ್ತದೆ ಎನ್ನುವ ನಂಬಿಕೆ. ನಂಬಿಕೆಯನ್ನು ನಾನು ಎಂದೋ ಬಿಟ್ಟಿದ್ದೆ. ಅಭ್ಯಾಸ ನನ್ನನ್ನು ಬಿಟ್ಟಿರಲಿಲ್ಲ. ಬಾಯಿ ಮುಚ್ಚಿಕೊಂಡು ಕಿವಿಗೊಟ್ಟು ಕೂತೆ.

ಎರಡನೆಯ ಸಲ ಕೇಳಿತು. ಅದೇ ಮಾತು, ಅದೇ ಎಳೆತ. ಅಜ್ಜಿಯ ಕಡೆ ನೋಡಿದೆ. ಅವಳಿಗೆ ಕೇಳಿದಂತಿರಲಿಲ್ಲ. ಮೂರನೆಯ ಸಲ ಕೂಗಿದ್ದು ಇನ್ನೂ ಹತ್ತಿರದಿಂದ, ದಿಮ್ಮಿಯಿಂದ ಸ್ವಲ್ಪವೇ ಆಚೆಯಿಂದ. ಆಗ ನನಗೆ ಮೈ ಜುಮ್ಮೆಂದಿತು. ಹೆದರಿಕೆಯಿಂದ ಎಂದು ಹೇಳಲಾರೆ. ಊರಿನಲ್ಲಿ ನನ್ನನ್ನು ಹಾಗೆ ಕೂಗಿ ಕರೆದು ಎಷ್ಟು ವರ್ಷವಾಯಿತು ಎನ್ನುವುದು ನೆನಪಾಗಿ, ಎದ್ದು ಹೋಗಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಮಂಜು ಸ್ವಲ್ಪ ಹರಿಯಿತು. ನೀರಿನ ಅಂಚಿನವರೆಗೆ ಬಯಲು ಕಂಡಿತು. ಒಂದು ಬೂದು ಬಣ್ಣದ ಬಕ ನಿಂತಿತ್ತು, ಅಷ್ಟೆ. ಹೋಗಿ ಕೆಸರಿನಲ್ಲಿ ಹೆಜ್ಜೆಗಳಿವೆಯೇ ಎಂದು ನೋಡಬೇಕಿತ್ತು ಎಂದು ನೀವು ಹೇಳಬಹುದು. ನನ್ನ ಕೆಲಸವೇ ಅದಲ್ಲವೇ? ಆದರೆ ಆ ಮುದುಕಿಯನ್ನು ಒಂಟಿಯಾಗಿ ಬಿಟ್ಟು ಏಳಲು ನನಗೆ ಆಗಲಿಲ್ಲ. ಕೊಲ್ಲಿಯ ತಿರುವಿನ ಆಚೆ ಯಾರಾದರೂ ಇದ್ದರೋ ಏನೋ, ಅದನ್ನೂ ನಾನು ನೋಡಲಿಲ್ಲ.

ಲೊರೆಟಾ ಕಂಬಳಿ ತಂದಳು. ನಾನು ಅದನ್ನು ಅಜ್ಜಿಗೆ ಹೊದಿಸಿ, ಚಹಾ ಬಗ್ಗಿಸಿ ಕೊಟ್ಟೆ. ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತು ಬಾಯೊಳಗೇ ಸುತ್ತುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ.

“ಯಾರೋ ನಾಯಿ ಕರದಿರ್ಬೇಕ ತಗೋ,” ಎಂದರು. “ಮಂಜಿನ್ಯಾಗ ದನಿ ಎಲ್ಲಿಂದ ಎಲ್ಲಿಗ್ಯರ ಹೋಗ್ತೈತಿ.”

ಅವರ ಮಾತೇ ಸರಿಯಿರಲಿ ಎಂದು ನಾನೂ ಹಾರೈಸಿದೆ. ಏಕೆಂದರೆ ಅದು ನಾಯಿಯ ಹೆಸರಲ್ಲದಿದ್ದರೆ ಮತ್ತೆ ಏನು ಎನ್ನುವ ಪ್ರಶ್ನೆ ಎದುರಾಗುತ್ತಿತ್ತು. ಆ ಪ್ರಶ್ನೆಗೆ ಒಂದೇ ಉತ್ತರ ಹೊಳೆಯುತ್ತಿತ್ತು.

ಮುಂದಿನ ವಾರ ಅಜ್ಜಿ ಊಟ ಬಿಟ್ಟಳು. ನಿದ್ದೆಯಿಂದ ಎಚ್ಚೆತ್ತಾಗಲೆಲ್ಲ ತನ್ನ ಹೆಸರೇನು ಎಂದು ಕೇಳುತ್ತಾಳೆ, ಎಡಿತ್ ಎಂದರೆ ಮುಖ ತಿರುಗಿಸುತ್ತಾಳೆ ಎಂದು ಲೊರೆಟಾ ಹೇಳಿದಳು. ಹೇಳುವಾಗ ಅವಳು ಅಳಲಿಲ್ಲ, ಕಾಫಿಯ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದಳು. ನನ್ನ ಸಂಕಟ ಶುರುವಾಯಿತು. ನನಗೆ ಕೇಳಿದ್ದು ಅವಳ ಹೆಸರೇ ಆಗಿದ್ದರೆ? ಆಗಿರದಿದ್ದರೆ? ಒಂದು ಸಲ ಹೊರಗಿನವರು ಬಂದು, ಇದು ನಿನ್ನ ಹೆಸರು, ಇನ್ನು ಮೇಲೆ ಇದಕ್ಕೇ ಓ ಎನ್ನು ಎಂದು ಹೇಳಿಹೋಗಿದ್ದರು. ಅದೇ ತಪ್ಪನ್ನು ಈಗ ಅವಳ ಕೊನೆಗಾಲದಲ್ಲಿ ನಾನು ಮಾಡುವುದೇ? ಅದೂ ಎಲ್ಲಿಂದಲೋ ಬಂದು ಅವಳ ನೆಲದಲ್ಲಿ ಮನೆ ಮಾಡಿಕೊಂಡಿರುವ ನಾನು?

ತಡೆಯಲಾರದೆ ಊರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದೆ. ಅವ್ವ ಅಮೆರಿಕದಲ್ಲಿಯೂ ಇಂಥವು ಇವೆಯೇ ಎಂದು ಆಶ್ಚರ್ಯಪಡಲಿಲ್ಲ. ಆ ಮುದುಕಿಗೆ ಮಕ್ಕಳೆಷ್ಟು, ಏನು ಉಣ್ಣುತ್ತಾಳೆ ಎಂದೆಲ್ಲ ವಿಚಾರಿಸಿದ ಮೇಲೆ ಹೇಳಿದಳು:

“ಕರದದ್ದು ನಿನ್ನ ಕಿವಿಗೆ ಬಿದ್ದೈತಿ ಅಂದಮ್ಯಾಲ ಮುಟ್ಟಸೂದು ನಿನ್ನ ಕೆಲಸ. ಹೌದೋ ಅಲ್ಲೋ ಅನ್ನೂದು ಅಕಿ ಹೇಳ್ತಾಳ. ಅದನ್ನೂ ನೀನ ಯಾಕ ಹೇಳಾಕ ಹೊಕ್ಕಿ?”

ಮರುದಿನ ಊಟದ ಹೊತ್ತಿಗೆ ಪಾರ್ಕಿಂಗಿನಲ್ಲಿ, ಕಾರಿನೊಳಗೆ ಕೂರಿಸಿಕೊಂಡು ಲೊರೆಟಾಳಿಗೆ ಎಲ್ಲ ಹೇಳಿದೆ. ಅವಳ ಮುಖ ಗಟ್ಟಿಯಾಗುತ್ತಾ ಹೋಯಿತು. ನಮ್ಮ ಜನರ ಬಗ್ಗೆ ಕನಸು ಕಾಣುವವರು, ದನಿ ಕೇಳುವವರು ಈ ಕಡೆ ಊರ ತುಂಬ ಇದ್ದಾರೆ, ನಮ್ಮ ಹಬ್ಬ ನೋಡಲು ಬಂದ ಹೊರಗಿನವರು ಪ್ರತಿ ವರ್ಷವೂ ಒಬ್ಬರಲ್ಲ ಒಬ್ಬರು ತಮಗೆ ಏನೋ ಕಂಡಿತು ಎಂದು ಹೇಳಿಹೋಗುತ್ತಾರೆ, ನೀನೂ ಆ ಸಾಲಿಗೆ ಸೇರುತ್ತೀ ಎಂದು ತಿಳಿದಿರಲಿಲ್ಲ ಎಂದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಆ ಮಾತನ್ನು ಒಂದು ಸಲ ಕೇಳು ಎಂದು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು.

“ನನಗೆ ಹೇಳ್ಬೇಡ. ಅದು ಅವಳದೇ ಆಗಿದ್ರೆ, ಮೊದ್ಲು ಅವಳೇ ಕೇಳ್ಬೇಕು.”

ಅಷ್ಟು ಹೇಳಿ ಇಳಿದುಹೋದಳು. ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ನಮ್ಮ ಸ್ನೇಹಕ್ಕೆ ಎಳ್ಳುನೀರು ಬಿಟ್ಟಂತಾಯಿತು ಎಂದುಕೊಂಡೆ. ಮೂರನೆಯ ದಿನ ಮೇಜಿನ ಹತ್ತಿರ ಬಂದು, ಶನಿವಾರ ಮಧ್ಯಾಹ್ನ ಬಾ, ಮಾವನಿಗೆ ಹೇಳಿದ್ದೇನೆ ಎಂದಳು. ಮಾವ ಎಂದರೆ ಅಜ್ಜಿಯ ಮಗ ವರ್ನನ್. ಎಪ್ಪತ್ತರ ಆಸುಪಾಸಿನ, ಜೀವನವಿಡೀ ಮೀನು ಹಿಡಿದ ಮನುಷ್ಯ.

ಶನಿವಾರ ಹೋದಾಗ ಅಜ್ಜಿಯ ಕೋಣೆಯಲ್ಲಿ ಲೊರೆಟಾ, ವರ್ನನ್ ಮತ್ತು ಪಕ್ಕದ ಮನೆಯ ದಂಪತಿಗಳಿದ್ದರು. ಆ ದಂಪತಿಗಳು ಸಾಕ್ಷಿಗಳು ಎಂದು ಲೊರೆಟಾ ಮೆಲ್ಲನೆ ಹೇಳಿದಳು. ಅವರ ಜನರಲ್ಲಿ ಮುಖ್ಯವಾದ ಯಾವ ಕಾರ್ಯವೂ ಸಾಕ್ಷಿಗಳಿಲ್ಲದೆ ಆಗುವುದಿಲ್ಲ. ಮನೆಯವರು ಸಾಕ್ಷಿಗಳನ್ನು ಹೆಸರು ಹಿಡಿದು ಕರೆದು, ಏನಾದರೊಂದು ಕಾಣಿಕೆ ಕೊಟ್ಟು, ಕಂಡದ್ದನ್ನು ಕಂಡಹಾಗೆ ನೆನಪಿಟ್ಟುಕೊಳ್ಳಿ, ಕೇಳಿದವರಿಗೆ ಹೇಳಿ ಎಂದು ಒಪ್ಪಿಸುತ್ತಾರೆ. ವರ್ನನ್ ಅವರಿಬ್ಬರ ಹೆಗಲಿಗೂ ಒಂದೊಂದು ಶಾಲು ಹೊದಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಹೂಂ ಎನ್ನುವಂತೆ ತಲೆ ಆಡಿಸಿದರು. ಅವರ ಮುಖದಲ್ಲಿ ನಂಬಿಕೆಯೂ ಇರಲಿಲ್ಲ, ಅಪನಂಬಿಕೆಯೂ ಇರಲಿಲ್ಲ. ತಾಯಿಗಾಗಿ ಬಂದು ನಿಂತಿದ್ದರು.

ಅಜ್ಜಿ ಬಹಳ ಸೋತಿದ್ದಳು. ಮಷೀನು ಹಾಕಿದ್ದರೂ ಹತ್ತಿರ ಹೋಗದೆ ಕೇಳುವಂತಿರಲಿಲ್ಲ. ನಾನು ಮಂಚದ ಮೇಲೆ ಬಾಗಿ ಅವಳ ಕಿವಿಯ ಹತ್ತಿರ ಬಾಯಿ ಇಟ್ಟೆ. ನಮ್ಮಲ್ಲಿ ಕೂಸಿಗೆ ಹೆಸರಿಡುವಾಗ ಸೋದರತ್ತೆ ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ‘ಕುರ್‍’ ಎಂದು ಹೆಸರು ಹೇಳುತ್ತಾಳೆ, ಹಿಂದಿನಿಂದ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ತಮ್ಮನ ಮಗಳಿಗೆ ಹೆಸರಿಟ್ಟಾಗ ನಾನೂ ಗುದ್ದು ತಿಂದಿದ್ದೆ. ಇಲ್ಲಿ ನನ್ನ ಬೆನ್ನ ಹಿಂದೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು. ಹೇಳಿದೆ. ಕೊನೆಯಲ್ಲಿ ಗಂಟಲಿನಲ್ಲಿ ಕಡಿಯುವ ಆ ಸದ್ದು ನನ್ನ ನಾಲಗೆಗೆ ಹೊರಳಲಿಲ್ಲ. ಮತ್ತೊಮ್ಮೆ ಹೇಳಿದೆ. ಅಜ್ಜಿ ಕಣ್ಣು ಮುಚ್ಚಿಯೇ ಇದ್ದಳು. ನಾಚಿಕೆ ಬಿಟ್ಟು, ದಂಡೆಯಲ್ಲಿ ಕೇಳಿದ ಹಾಗೆಯೇ ಎಳೆದು ಇನ್ನೊಮ್ಮೆ ಕರೆದೆ.

ಅಜ್ಜಿ ನನ್ನ ಮುಂಗೈ ಹಿಡಿದಳು. ಅಷ್ಟು ಬಲ ಅವಳಲ್ಲಿ ಎಲ್ಲಿತ್ತೋ. ಕಣ್ಣು ತೆರೆದು ನನ್ನನ್ನೇ ನೋಡಿ, ಅಲ್ಲ ಎನ್ನುವಂತೆ ತಲೆ ಆಡಿಸಿದಳು. ಕೆಡಿಸಿಬಿಟ್ಟೆ ಎಂದುಕೊಂಡೆ.

“ಇದು ನಂದಲ್ಲ,” ಎಂದಳು. “ಇದು ನಮ್ಮ ತಂಗೀದು.”

ಕೋಣೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ವರ್ನನ್ ಹತ್ತಿರ ಬಂದು ಮೊಣಕಾಲೂರಿ ಕೂತರು. ತಾಯಿಗೆ ತಂಗಿಯೊಬ್ಬಳಿದ್ದಳೆಂದು ಆ ಎಪ್ಪತ್ತರ ಮಗನಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ಅಜ್ಜಿ ತಡೆದು ತಡೆದು ಹೇಳಿದಳು. ಇಬ್ಬರನ್ನೂ ಒಂದೇ ದಿನ ಒಯ್ದಿದ್ದರು. ತಂಗಿಯ ಕೈ ಬಿಡಬೇಡ ಎಂದು ತಾಯಿ ಹೇಳಿ ಕಳಿಸಿದ್ದಳು. ಶಾಲೆಯಲ್ಲಿ ದೊಡ್ಡವರನ್ನೂ ಚಿಕ್ಕವರನ್ನೂ ಬೇರೆ ಬೇರೆ ಮಲಗಿಸುತ್ತಿದ್ದರು, ಅಲ್ಲೇ ಕೈ ಬಿಟ್ಟುಹೋಯಿತು. ಚಳಿಗಾಲದಲ್ಲಿ ಆ ಕೂಸಿಗೆ ಕೆಮ್ಮು ಹತ್ತಿತು. ಒಂದು ದಿನ ಬೆಳಿಗ್ಗೆ ನೋಡಿದರೆ ಅವಳ ಹಾಸಿಗೆಯ ಮೇಲೆ ಬೇರೆ ಹೊದಿಕೆ ಹಾಸಿತ್ತು. ಯಾರೂ ಏನೂ ಹೇಳಲಿಲ್ಲ. ಕೇಳಲು ಇಂಗ್ಲಿಷ್ ಬರುತ್ತಿರಲಿಲ್ಲ, ತಮ್ಮ ಮಾತಿನಲ್ಲಿ ಕೇಳಿದರೆ ಸಾಬೂನು. ತಂಗಿಯ ಹೆಸರನ್ನು ಮರೆಯದೆ ಬದುಕುವುದು ಅಜ್ಜಿಗೆ ಆಗಲಿಲ್ಲ, ಮರೆತಳು. ಅದರ ಜೊತೆಗೇ ತನ್ನದೂ ಹೋಯಿತು.

ನಮ್ಮ ತಾಯಿ ನಮ್ಮಿಬ್ಬರನ್ನೂ ಕೂಡಿಯೇ ಕರೆಯುತ್ತಿದ್ದಳು, ಮೊದಲು ಸಣ್ಣದು, ಆಮೇಲೆ ನಾನು ಎಂದು ಹೇಳಿ, ಹೇಗೆ ಕರೆಯುತ್ತಿದ್ದಳೆಂದು ತೋರಿಸಲು ಅಜ್ಜಿ ದನಿ ಎತ್ತಿದಳು. ತಂಗಿಯ ಹೆಸರು ಬಂದಿತು. ನನ್ನ ಬಾಯಿಗೆ ಬಾರದ ಆ ಕೊನೆಯ ಸದ್ದಿನ ಸಮೇತ, ಪೂರ್ತಿಯಾಗಿ. ಅದರ ಬೆನ್ನಿಗೇ, ತಡೆಯಿಲ್ಲದೆ, ಅದೇ ಉಸಿರಿನಲ್ಲಿ ಇನ್ನೊಂದು ಹೆಸರೂ ಹೊರಬಂದಿತು.

ಹೇಳಿದ ಮೇಲೆ ಅಜ್ಜಿಯೇ ಬೆಚ್ಚಿದಳು. ತನ್ನ ಬಾಯಿಂದ ಬಂದದ್ದನ್ನು ತಾನೇ ಕೇಳಿಸಿಕೊಂಡವಳಂತೆ ಕೈಯನ್ನು ಬಾಯಿಯ ಮೇಲಿಟ್ಟುಕೊಂಡಳು. ವರ್ನನ್ ಎದ್ದು ನಿಂತರು. ಸಾಕ್ಷಿಗಳ ಕಡೆ ತಿರುಗಿ, ಅಳುತ್ತಲೇ, ಆ ಎರಡು ಹೆಸರುಗಳನ್ನೂ ಗಟ್ಟಿಯಾಗಿ ಹೇಳಿದರು. ಅವರೂ ತಿರುಗಿ ಹೇಳಿದರು. ಲೊರೆಟಾ ಅಜ್ಜಿಯ ಪಾದಗಳನ್ನು ಹಿಡಿದುಕೊಂಡು ಹೇಳಿದಳು. ಪ್ರತಿ ಸಲ ಕೇಳಿದಾಗಲೂ ಅಜ್ಜಿ ಹೂಂ, ಹೂಂ ಎನ್ನುತ್ತಿದ್ದಳು. ಹೊರಡುವಾಗ ವರ್ನನ್ ನನ್ನ ಹೆಗಲಿಗೂ ಒಂದು ಶಾಲು ಹೊದಿಸಿ, ಹೆಸರುಗಳು ನಮ್ಮ ಮನೆಯವು, ಅವನ್ನು ಬಿಟ್ಟು ಉಳಿದದ್ದನ್ನು ನೀನು ಹೇಳಬೇಕು ಎಂದರು. ಇದನ್ನು ಬರೆಯುತ್ತಿರುವುದು ಆ ಮಾತಿಗಾಗಿ. ಹೆಸರುಗಳನ್ನು ಬರೆಯದಿರುವುದೂ ಅದಕ್ಕೇ.

ಅಜ್ಜಿ ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ಮಣ್ಣು ಮಾಡುವಾಗ ಎಡಿತ್ ಎಂಬ ಹೆಸರನ್ನು ಯಾರೂ ಹೇಳಲಿಲ್ಲ.

ನಾನು ಇದನ್ನು ಎಲ್ಲ ಬಗೆಯಿಂದಲೂ ಅಳೆದು ನೋಡಿದ್ದೇನೆ. ಅಜ್ಜಿ ಎಂದಾದರೂ ನಿದ್ದೆಗಣ್ಣಿನಲ್ಲಿ ಆ ಹೆಸರನ್ನು ಕನವರಿಸಿದ್ದು ನನ್ನ ಕಿವಿಗೆ ಬಿದ್ದು ಉಳಿದಿತ್ತೇನೋ. ಮಂಜಿನಲ್ಲಿ ಯಾರೋ ಏನೋ ಕೂಗಿದ್ದು ಅದರ ಹಾಗೆ ಕೇಳಿರಬಹುದು. ಇಷ್ಟು ವರ್ಷ ಅವಳ ಪಕ್ಕದಲ್ಲೇ ಮಲಗಿದ್ದ ಲೊರೆಟಾ, ಅವಳು ಕನವರಿಸಿದ್ದನ್ನು ಒಂದು ದಿನವೂ ಕೇಳಿಲ್ಲ ಎನ್ನುತ್ತಾಳೆ. ಆದರೂ ಇರಬಹುದು. ಗಂಡ ಹೇಳಿದ ನಾಯಿಯೂ ಇರಬಹುದು. ನನಗೆ ತಿಳಿಯದು, ತಿಳಿಯುವ ಆಸೆಯನ್ನೂ ಬಿಟ್ಟಿದ್ದೇನೆ. ಆದರೆ ಒಂದು ಮಾತು ಮಾತ್ರ ಅಂದೇ ತಲೆಯಲ್ಲಿ ಕೊರೆಯತೊಡಗಿತ್ತು. ಬದುಕಿದ್ದವಳು ಅಜ್ಜಿ, ಹೆಸರಿಲ್ಲದೆ ಒದ್ದಾಡುತ್ತಿದ್ದವಳೂ ಅಜ್ಜಿ. ಹಾಗಿದ್ದ ಮೇಲೆ ಕರೆದ ದನಿ ಅವಳ ಹೆಸರನ್ನು ಬಿಟ್ಟು ತಂಗಿಯ ಹೆಸರೊಂದನ್ನೇ ಏಕೆ ಕರೆಯಬೇಕು? ಸಾಯುವ ಕೆಲವು ದಿನ ಮೊದಲು ಒಂದು ಮಧ್ಯಾಹ್ನ ಅಜ್ಜಿಯ ತಲೆ ಬಾಚುತ್ತಾ ಇದನ್ನು ಅವಳನ್ನೇ ಕೇಳಿದೆ. ಇಷ್ಟು ಓದಿದವಳು ಇಂಥ ಪ್ರಶ್ನೆ ಕೇಳುವುದೇ ಎನ್ನುವಂತೆ ನನ್ನನ್ನು ನೋಡಿದಳು.

“ನಮ್ಮವ್ವ ನನ್ನ ಯಾಕ ಕರೀತಾಳ?” ಎಂದಳು. “ನಾ ಅಲ್ಲೇ ಕುಂತಿದ್ನಲ್ಲ, ಅಕಿ ಕಣ್ಣ ಮುಂದ.”